ಸ್ಕ್ರಿಪ್ಟಿಗೊಂದು ಬುತ್ತಿ

ಹಳೇ ‘ನುಡಿ’ ತಂತ್ರಾಂಶದ ಅಕ್ಷರವನ್ನು ಯೂನಿಕೋಡ್‌ಗೆ ತಿರುಗಿಸಲು ಪೈಥಾನ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದಿದ್ದೆ. ಜಗಳೂರು ತಾಲ್ಲೂಕಿನ ಸೊಕ್ಕೆಯ ಗೆಳೆಯನಿಗೆ ಕಳಿಸಿದರೆ, ‘ಯಾವುದರಾಗೆ ತೆರೀಬೇಕು ಅಂತ ಕೇಳ್ತೈತಲ್ಲೋ’ ಎಂದು ಫೋನು. ಅವನ ಕಂಪ್ಯೂಟರಿನಲ್ಲಿ ಪೈಥಾನೇ ಇಲ್ಲ.

ಹೊಲಕ್ಕೆ ಹೊರಟವರು ರೊಟ್ಟಿ, ಪಲ್ಯ, ಚಟ್ನಿಪುಡಿ ಒಂದೇ ಬಟ್ಟೆಯಲ್ಲಿ ಕಟ್ಟುತ್ತಾರಲ್ಲ, ಪೈಇನ್‌ಸ್ಟಾಲರ್ ಎಂಬ ಸಾಧನ ಮಾಡುವುದೂ ಅದನ್ನೇ. ಸ್ಕ್ರಿಪ್ಟಿನ ಇಂಪೋರ್ಟ್ ಸಾಲುಗಳನ್ನು ಹಿಡಿದು ಬೇಕಾದ ಲೈಬ್ರರಿಗಳನ್ನೂ ಪೈಥಾನನ್ನೂ ಹುಡುಕಿ ಗಂಟು ಹಾಕುತ್ತದೆ. ಅದರ ‘ಒನ್‌ಫೈಲ್’ ಆಯ್ಕೆ ಎಂದರೆ ಎಲ್ಲ ಒಂದೇ ಕಡತ. ಕ್ಲಿಕ್ಕಿಸಿದಾಗ ತಾತ್ಕಾಲಿಕ ಫೋಲ್ಡರಿನಲ್ಲಿ ಬಿಚ್ಚಿಕೊಂಡು, ಕೆಲಸ ಮುಗಿದ ಮೇಲೆ ತಾನೇ ಗುಡಿಸಿ ಹೋಗುತ್ತದೆ. ಈ ಶಿಸ್ತು ನನಗೆ ಬಲು ಇಷ್ಟ. ಆದರೆ ಗಂಟು ದಪ್ಪ, ಏಳುವುದು ತುಸು ನಿಧಾನ. ಕೆಲವು ಆಂಟಿವೈರಸ್‌ಗಳಿಗೆ ವಿನಾಕಾರಣ ಗುಮಾನಿ ಬೇರೆ.

ವಿಂಡೋಸ್‌ನ ಗಂಟನ್ನು ವಿಂಡೋಸಿನಲ್ಲೇ, ಲಿನಕ್ಸಿನದನ್ನು ಲಿನಕ್ಸಿನಲ್ಲೇ ಕಟ್ಟಬೇಕು, ಮರೆಯಬೇಡಿ.