ಏಪ್ರನ್ ಹೊಲಿಸಿಯಾಯಿತು, ಮುಂದೆ?

ಸೀಟು ಹಂಚಿಕೆಯ ಪಟ್ಟಿಯಲ್ಲಿ ಹೆಸರು ಬಂದ ದಿನದಿಂದ ಮೊದಲ ತರಗತಿಯವರೆಗೆ ಎಂಬಿಬಿಎಸ್ ಸೇರುವ ಮಕ್ಕಳ ಮನೆಗಳಲ್ಲಿ ನಡೆಯುವ ಸಡಗರಕ್ಕೆ ಈಗ ಒಂದು ಕಾಯಂ ರೂಪ ಬಂದುಬಿಟ್ಟಿದೆ. ಟಿಸಿ, ಅಂಕಪಟ್ಟಿ, ಜಾತಿ-ಆದಾಯ ಪತ್ರ, ಕಲ್ಯಾಣ ಕರ್ನಾಟಕದವರಾದರೆ 371 ಜೆ ಪ್ರಮಾಣಪತ್ರ, ಎಲ್ಲಕ್ಕೂ ಕಟ್ಟುಗಟ್ಟಲೆ ಜೆರಾಕ್ಸ್. ರ‍್ಯಾಗಿಂಗ್ ಮಾಡುವುದಿಲ್ಲ ಎಂದು ಮಗ ಒಂದು, ಮಾಡಿದರೆ ಕ್ರಮಕ್ಕೆ ಒಪ್ಪಿಗೆ ಎಂದು ಅಪ್ಪ ಒಂದು ಬರೆದುಕೊಡುವ ಅಫಿಡವಿಟ್. ಎರಡು ಬಿಳಿ ಏಪ್ರನ್. ಹೊಸ ಸ್ಟೆತಸ್ಕೋಪ್, ಮೊದಲ ವರ್ಷ ಅದಕ್ಕಿರುವ ಕೆಲಸ ಹೆಚ್ಚಾಗಿ ಫಿಸಿಯಾಲಜಿ ಲ್ಯಾಬಿನಲ್ಲಿ ಪಕ್ಕದ ಗೆಳೆಯನ ಬಿಪಿ ನೋಡುವುದು, ಆದರೆ ಫೋಟೊಗೆ ಅದು ಬೇಕು. ಚೌರಾಸಿಯಾ ಅನಾಟಮಿಯ ಸಂಪುಟಗಳು, ಗೈಟನ್ ಫಿಸಿಯಾಲಜಿ, ಸಾಧ್ಯವಾದರೆ ಸೀನಿಯರ್ ಒಬ್ಬರಿಂದ ಅರ್ಧ ಬೆಲೆಗೆ ಬೋನ್ ಸೆಟ್. ಇಷ್ಟರಲ್ಲಿ ಯಾವುದೂ ತಪ್ಪಲ್ಲ. ಆದರೆ ಇಷ್ಟೇ ತಯಾರಿ ಎಂದುಕೊಂಡರೆ ತಪ್ಪು.

ಈಚೆಗೆ ಇದಕ್ಕೆ ಇನ್ನೊಂದು ಸೇರ್ಪಡೆಯಾಗಿದೆ. ಮಕ್ಕಳನ್ನು ನೀಟ್‌ಗೆ ತಯಾರು ಮಾಡಿದ ಉದ್ಯಮವೇ ಮೊದಲ ವರ್ಷಕ್ಕೂ ಕೈಹಾಕಿದೆ. ಕಾಲೇಜು ಶುರುವಾಗುವ ಮೊದಲೇ ಆ್ಯಪಿಗೆ ದುಡ್ಡು ಕಟ್ಟಿ ತೋಳಿನ ನರಜಾಲವಾದ ಬ್ರೇಕಿಯಲ್ ಪ್ಲೆಕ್ಸಸ್ ವಿಡಿಯೊ ನೋಡಿ ಮುಗಿಸಿದವರುಂಟು. ಹೀಗೆ ಮುಂಚೂಣಿಯಲ್ಲಿ ಓಡುವುದರಿಂದ ಏನಾದರೂ ಲಾಭವಿದೆಯೇ ಎಂದು ಕೇಳಿದರೆ ಅತ್ಯಲ್ಪ ಎಂದೇ ಹೇಳಬೇಕು. ಹೆಸರುಗಳು ಕಿವಿಗೆ ಬಿದ್ದಿರುತ್ತವೆ, ಅಷ್ಟೆ. ನೀಟ್ ಎಂಬುದು 180 ಪ್ರಶ್ನೆ, 720 ಅಂಕದ ಪರೀಕ್ಷೆ. ಪ್ರತಿ ಪ್ರಶ್ನೆಯ ಕೆಳಗೂ ಉತ್ತರ ಮೊದಲೇ ಅಚ್ಚಾಗಿರುತ್ತದೆ, ಹುಡುಕಿ ಕಪ್ಪು ಮಾಡಿದರೆ ಮುಗಿಯಿತು. ಎರಡು-ಮೂರು ವರ್ಷ ಇದೇ ಅಭ್ಯಾಸದಲ್ಲಿ ಬೆಳೆದ ಮಗು ಅನಾಟಮಿ ವೈವಾಕ್ಕೆ ಕೂತಾಗ ಏನಾಗುತ್ತದೆ ನೋಡಿ. ಪರೀಕ್ಷಕರು ಟ್ರೇಯಿಂದ ಒಂದು ಕ್ಲಾವಿಕಲ್ ಎತ್ತಿ ಕೈಗಿಡುತ್ತಾರೆ. ಕತ್ತಿನ ಬುಡದಲ್ಲಿ ಅಡ್ಡಲಾಗಿ ತಡವಿದರೆ ಸಿಗುವ ಮೂಳೆ ಅದು. ಬಲದ್ದೋ ಎಡದ್ದೋ? ಚಪ್ಪಟೆ ತುದಿ ಭುಜದ ಕಡೆಗಿರಬೇಕು, ದಪ್ಪ ತುದಿ ಎದೆಯ ನಡುವಿಗೆ. ಒಳಗಿನ ಮೂರನೇ ಎರಡು ಪಾಲು ಮುಂದಕ್ಕೆ ಉಬ್ಬಿರಬೇಕು. ನಡುವೆ ಕೊರೆದಂತಿರುವ ಗೆರೆ ಕೆಳಮುಖವಾಗಬೇಕು. ಇದೆಲ್ಲ ಪುಸ್ತಕದಲ್ಲಿದೆ, ಹುಡುಗನಿಗೂ ಗೊತ್ತು. ಆದರೆ ಮೂಳೆಯನ್ನು ತನ್ನದೇ ಮೈಗೆ ಹಿಡಿದು, ತಿರುಗಿಸಿ, ಬಾಯಿಬಿಟ್ಟು, ಪೂರ್ತಿ ವಾಕ್ಯದಲ್ಲಿ ಹೇಳಬೇಕು ಎಂದಾಗ ಕೈ ನಡುಗುತ್ತದೆ, ಮಾತು ತಡವರಿಸುತ್ತದೆ. ಅವನು ಓದಿನಲ್ಲಿ ಹಿಂದಿದ್ದಾನೆ ಎಂದಲ್ಲ. ಕೈಗೂ ಬಾಯಿಗೂ ಯಾರೂ ಕೆಲಸ ಕೊಟ್ಟಿರಲಿಲ್ಲ. ಇನ್ನಷ್ಟು ವಿಡಿಯೊ ನೋಡಿದರೆ ಆ ಕೊರತೆ ತುಂಬುವುದಿಲ್ಲ. ರಜೆಯಲ್ಲಿ ಏನಾದರೂ ಮಾಡಲೇಬೇಕು ಎನ್ನುವ ಮಗುವಿಗೆ ನನ್ನ ಸಲಹೆ ಇಷ್ಟೇ: ದಿನಕ್ಕೊಂದು ಪುಟ ಕೈಯಲ್ಲಿ ಬರೆ, ಬರೆದದ್ದನ್ನು ಅಜ್ಜಿಗೋ ತಮ್ಮನಿಗೋ ಅರ್ಥವಾಗುವಂತೆ ಹೇಳು, ಮಿಕ್ಕ ಹೊತ್ತು ನಿದ್ದೆ ಮಾಡು.

ಮನೆಯ ತಯಾರಿ ಹೀಗಾದರೆ ವ್ಯವಸ್ಥೆಯ ತಯಾರಿ ಹೇಗಿದೆ? 2019ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಹೊಸ ಪಠ್ಯಕ್ರಮ ಜಾರಿಗೆ ತಂದಾಗ ಮೊದಲ ವರ್ಷದ ಬಾಗಿಲಲ್ಲೇ ಒಂದು ತಿಂಗಳ ಫೌಂಡೇಶನ್ ಕೋರ್ಸ್ ಇಟ್ಟಿತು. ಒಟ್ಟು 175 ಗಂಟೆ. ಪರಿಚಯ ಕಾರ್ಯಕ್ರಮಕ್ಕೆ 30, ಪ್ರಥಮ ಚಿಕಿತ್ಸೆ ಮುಂತಾದ ಕೌಶಲಗಳಿಗೆ 35, ವೃತ್ತಿಧರ್ಮಕ್ಕೆ 40, ಭಾಷೆ-ಕಂಪ್ಯೂಟರಿಗೆ 40, ಆಟ-ಕಲೆಗಳಿಗೆ 22, ಸಮುದಾಯ ಆರೋಗ್ಯ ಕೇಂದ್ರದ ಭೇಟಿಗೆ 8. ಕಾಗದದ ಮೇಲೆ ಇದು ನಿಜಕ್ಕೂ ಒಳ್ಳೆಯ ಬರವಣಿಗೆ. ಬರೆದವರಿಗೆ ಹದಿನೆಂಟರ ಮಕ್ಕಳು ಗೊತ್ತಿದ್ದಾರೆ. ಪಾಠಕ್ಕಿಂತ ಮೊದಲು ರೋಗಿ, ಭಾಷೆ, ಸಾವು, ಹಾಸ್ಟೆಲ್ ಇವುಗಳಿಗೆ ಮಗು ತಯಾರಾಗಬೇಕು ಎಂದು ಒಂದು ಸರ್ಕಾರಿ ದಸ್ತಾವೇಜು ಒಪ್ಪಿಕೊಂಡದ್ದೇ ದೊಡ್ಡದು. ಹಿಂದಿನ 1997ರ ನಿಯಮಗಳ ಕಾಲದಲ್ಲಿ ಸೇರಿದವರನ್ನು ಕೇಳಿ: ಸೋಮವಾರ ಸ್ವಾಗತ, ಮಂಗಳವಾರ ಡಿಸೆಕ್ಷನ್ ಹಾಲ್.

ತೊಂದರೆ ಇರುವುದು ಅದನ್ನು ನಡೆಸುವ ರೀತಿಯಲ್ಲಿ. ನೂರೈವತ್ತು, ಕೆಲವೆಡೆ ಇನ್ನೂರೈವತ್ತು ಮಕ್ಕಳನ್ನು ಸಭಾಂಗಣದಲ್ಲಿ ಕೂರಿಸಿ ಒಬ್ಬರಾದ ಮೇಲೊಬ್ಬರು ಪಿಪಿಟಿ ಹಾಕುತ್ತಾರೆ. ಸಮಯ ನಿರ್ವಹಣೆಗೊಂದು ಪಿಪಿಟಿ, ಒತ್ತಡ ನಿರ್ವಹಣೆಗೊಂದು. ಮೂರನೇ ದಿನಕ್ಕೆ ಆ ಕೋಣೆಯಲ್ಲಿ ಒತ್ತಡಕ್ಕಿಂತ ಬೇಸರವೇ ಹೆಚ್ಚು. ಹಾಜರಿ ಕಡ್ಡಾಯ, ಆದ್ದರಿಂದ ಎಲ್ಲರೂ ಇರುತ್ತಾರೆ. ಮುಖ್ಯ ಪರೀಕ್ಷೆಯಲ್ಲಿ ಇದು ಬರುವುದಿಲ್ಲ, ಆದ್ದರಿಂದ ಯಾರೂ ಕೇಳಿಸಿಕೊಳ್ಳುವುದಿಲ್ಲ. ಹಿಂದಿನ ಸಾಲಿನಲ್ಲಿ ಚೌರಾಸಿಯಾ ತೆರೆದಿರುತ್ತದೆ. ಅಂಕ ಇಡಬೇಕೆಂದು ನಾನು ಹೇಳುತ್ತಿಲ್ಲ. ಅಂಕ ಇಟ್ಟರೆ ಅದಕ್ಕೂ ಗೈಡ್ ಬರುತ್ತದೆ.

ಇದೇ ಕೋರ್ಸಿನಲ್ಲಿ ಕೆಲಸ ಮಾಡುವ ಭಾಗಗಳೂ ಇವೆ. ಗೊಂಬೆಯ ಎದೆಯ ಮೇಲೆ ಸಿಪಿಆರ್ ಕಲಿಸುವ ತಾಸು ಅಂಥದು. ಅಂಗೈ ಬುಡವನ್ನು ಎದೆಮೂಳೆಯ ಕೆಳ ಅರ್ಧದ ಮೇಲಿಟ್ಟು, ಮೊಣಕೈ ಬಾಗದಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಕಡಿಮೆಯೆಂದರೆ ಐದು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಮೂವತ್ತು ಒತ್ತುಗಳಾಗುವಷ್ಟರಲ್ಲಿ ಹುಡುಗರು ಏದುಸಿರು ಬಿಡುತ್ತಾರೆ. ಒಂದು ಜೀವ ಹಿಡಿದಿಡುವುದು ಮೈಮುರಿಯುವ ಕೆಲಸ ಎಂದು ಅಲ್ಲಿ ಯಾರೂ ಭಾಷಣ ಮಾಡಬೇಕಾಗಿಲ್ಲ. ಇನ್ನೊಂದು, ಆ ಎಂಟು ಗಂಟೆಯ ಆರೋಗ್ಯ ಕೇಂದ್ರದ ಭೇಟಿ. ಔಷಧ ಕೊಡುವ ಕಿಟಕಿಯ ಮುಂದಿನ ಸಾಲು, ಲಸಿಕೆಯ ಐಸ್ ಪೆಟ್ಟಿಗೆ, ಆಶಾ ಕಾರ್ಯಕರ್ತೆಯ ಕೈಯ ರಿಜಿಸ್ಟರ್; ಬೆಂಗಳೂರಿನ ಕೋಚಿಂಗ್ ಸೆಂಟರಿನಿಂದ ನೇರ ಬಂದ ಮಗುವಿಗೆ ಇದು ಹೊಸ ಲೋಕ. ಆಟಕ್ಕೆ 22, ಇದಕ್ಕೆ 8 ಎಂಬ ಲೆಕ್ಕ ಯಾರು ಹಾಕಿದರೋ. ಆಮೇಲೆ ಬಂದ ಕುಟುಂಬ ದತ್ತು ಯೋಜನೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಹಳ್ಳಿಯ ಕೆಲವು ಮನೆಗಳನ್ನು ವಹಿಸಿ ವರ್ಷಗಟ್ಟಲೆ ಹೋಗಿಬರುವಂತೆ ಮಾಡಿದ್ದು ಈ ಲೋಪವನ್ನು ಸ್ವಲ್ಪ ಸರಿಪಡಿಸಿದೆ.

ಡಿಸೆಕ್ಷನ್ ಹಾಲಿನ ವಿಷಯವನ್ನು ಬೇರೆಯಾಗಿಯೇ ನೋಡಬೇಕು. ಮನೆಯವರು ಹೆದರುವುದು ರಕ್ತಕ್ಕೆ. ಅಲ್ಲಿ ರಕ್ತವೇ ಇರುವುದಿಲ್ಲ. ಬಾಗಿಲಲ್ಲೇ ಎದುರಾಗುವುದು ಫಾರ್ಮಲಿನ್. ಕಣ್ಣು ಉರಿದು ನೀರು ಬರುತ್ತದೆ, ಅಳುತ್ತಿರುವವರು ಯಾರು, ಘಾಟಿಗೆ ಕಣ್ಣೊರೆಸಿಕೊಳ್ಳುತ್ತಿರುವವರು ಯಾರು ಎಂದು ಗೊತ್ತಾಗುವುದಿಲ್ಲ. (ಫಾರ್ಮಲಿನ್ ವಾಸನೆಗೆ ಹಸಿವು ಹೆಚ್ಚುತ್ತದೆ ಎಂಬ ಸೀನಿಯರುಗಳ ಮಾತನ್ನು ಮೆಸ್ಸಿನವರು ಮಾತ್ರ ನಂಬುತ್ತಾರೆ.) ಹೊಸ ಪಠ್ಯಕ್ರಮದ ಎಟ್‌ಕಾಮ್ (ಮನೋಭಾವ, ನೀತಿ, ಸಂವಹನ) ಭಾಗದಲ್ಲಿ ಮೃತದೇಹವನ್ನೇ ಮೊದಲ ಗುರು ಎಂದು ಕರೆಯುವ ಒಂದು ಪಾಠವಿದೆ, ಕಾಲೇಜುಗಳಲ್ಲಿ ದೇಹದ ಮುಂದೆ ನಿಂತು ಪ್ರತಿಜ್ಞೆ ತೆಗೆದುಕೊಳ್ಳುವ ರೂಢಿಯೂ ಬೆಳೆದಿದೆ. ಒಳ್ಳೆಯದೇ. ಆದರೆ ಪ್ರತಿಜ್ಞೆ ಎರಡು ನಿಮಿಷದ್ದು. ಆ ದೇಹ ಮೇಜಿನ ಮೇಲೆ ಹೇಗೆ ಬಂತು ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳುವವರು ಕಡಿಮೆ. ನಮ್ಮ ರಾಜ್ಯದಲ್ಲಿ 1957ರ ಅಂಗರಚನಾಶಾಸ್ತ್ರ ಅಧಿನಿಯಮವಿದೆ. ಕೇಳುವವರಿಲ್ಲದ ಶವಗಳು ಅದರಡಿ ಕಾಲೇಜಿಗೆ ಬರುತ್ತವೆ, ದಾನವಾಗಿ ಕೊಟ್ಟವೂ ಬರುತ್ತವೆ. ಒಂದು ಮೇಜಿನ ಮೇಲಿರುವುದು ಬಸ್ ಸ್ಟ್ಯಾಂಡಿನಲ್ಲಿ ಸತ್ತ ಅನಾಥನ ದೇಹ, ಪಕ್ಕದ ಮೇಜಿನದು ನಿವೃತ್ತ ಮೇಷ್ಟರು ಸಹಿ ಹಾಕಿ ಬಿಟ್ಟುಹೋದ ದೇಹ ಇರಬಹುದು. ಬೆಳಗಾವಿಯ ಆಯುರ್ವೇದ ಕಾಲೇಜಿನ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ, ತಂದೆಯ ಇಚ್ಛೆಯಂತೆ, ತಂದೆಯ ದೇಹವನ್ನೇ ವಿದ್ಯಾರ್ಥಿಗಳ ಎದುರು ಛೇದಿಸಿ ಪಾಠ ಹೇಳಿದ್ದು ಆಗ ದೊಡ್ಡ ಸುದ್ದಿಯಾಗಿತ್ತು. ವೃತ್ತಿಧರ್ಮದ ಗಂಟೆಗಳಲ್ಲಿ ಒಂದು ಗಂಟೆ ಈ ಕಥೆಗೆ, ಒಂದು ಗಂಟೆ ಮಕ್ಕಳ ಪ್ರಶ್ನೆಗಳಿಗೆ ಕೊಟ್ಟರೆ ಸ್ಲೈಡುಗಳ ಅಗತ್ಯ ಅರ್ಧಕ್ಕರ್ಧ ಇಳಿಯುತ್ತದೆ.

ಭಾಷೆಯ ಗಂಟೆಗಳಂತೂ ಕೈಗೆ ಬಂದು ಬಾಯಿಗೆ ಬರದ ತುತ್ತು. ಸರ್ಕಾರಿ ಕಾಲೇಜುಗಳಲ್ಲಿ ಶೇ. 15ರಷ್ಟು ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಆ ಮಕ್ಕಳಿಗೆ ಕನ್ನಡ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ರಾಯಚೂರಿನ ಹುಡುಗಿಗೆ ಇಂಗ್ಲಿಷ್ ಬೇಕು. ಅವಳಿಗೆ ಗೈಟನ್ನಿನ ಒಂದು ಪುಟ ಮೂರು ಬಾರಿ ಓದಿದರೂ ದಕ್ಕದಿರಬಹುದು, ಆದರೆ ಹೊರರೋಗಿ ವಿಭಾಗದಲ್ಲಿ ಮುದುಕಿಯೊಬ್ಬಳು ‘ಎದಿ ಹಿಡದಂಗಾಗೈತಿ’ ಎಂದಾಗ ಎಲ್ಲಿ, ಯಾವಾಗಿಂದ, ನಡೆದರೆ ಹೆಚ್ಚೋ ಕೂತರೆ ಹೆಚ್ಚೋ ಎಂದು ಮುಂದಿನ ಪ್ರಶ್ನೆ ಕೇಳಲು ಅವಳಿಗೆ ಬರುತ್ತದೆ. ದಿಲ್ಲಿಯ ಹುಡುಗನಿಗೆ ಬರುವುದಿಲ್ಲ. ಇವರಿಬ್ಬರನ್ನು ಜೋಡಿ ಮಾಡಿ ಕೂರಿಸಿ, ನೀನು ಅವನಿಗೆ, ಅವನು ನಿನಗೆ ಎಂದು ಬಿಟ್ಟರೆ ಆ ಗಂಟೆಗಳು ಸಾರ್ಥಕ. ಆಗುವುದು ಬೇರೆಯೇ: ಅವನಿಗೆ ಅ ಆ ಇ ಈ, ಅವಳಿಗೆ ಪಿಯುಸಿಯ ವ್ಯಾಕರಣ. ಮೊದಲ ತಿಂಗಳಲ್ಲಿ ನಾನು ದಡ್ಡಿ ಎಂದು ಅವಳು ತೀರ್ಮಾನಿಸಿಕೊಳ್ಳುವುದು ಇಲ್ಲಿಂದಲೇ, ಮತ್ತು ಮೊದಲ ಎಂಬಿಬಿಎಸ್ ದಾಟಲು ನಾಲ್ಕು ಬಾರಿ ಮಾತ್ರ ಅವಕಾಶ ಎಂಬ ನಿಯಮ ಅವಳ ನಿದ್ದೆ ಕೆಡಿಸುವುದೂ ಇಲ್ಲಿಂದಲೇ.

2022ರಲ್ಲಿ, ವೈದ್ಯಕೀಯ ಪರಿಷತ್ತಿನ ಬದಲಿಗೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಹಿಪಾಕ್ರಟಿಸನ ಜಾಗದಲ್ಲಿ ಚರಕ ಶಪಥ, ಜೊತೆಗೆ ಹತ್ತು ದಿನದ ಯೋಗಾಭ್ಯಾಸ ಎಂದು ಸೂಚಿಸಿದಾಗ ಟಿವಿಯಲ್ಲಿ ವಾರಗಟ್ಟಲೆ ಜಗಳ ನಡೆಯಿತು. ಫೌಂಡೇಶನ್ ಕೋರ್ಸಿನ ಬಗ್ಗೆ ಸಾರ್ವಜನಿಕವಾಗಿ ನಡೆದ ದೊಡ್ಡ ಚರ್ಚೆ ಎಂದರೆ ಅದೊಂದೇ. ಯಾವ ಶಪಥ ಎಂದು ಕಾದಾಡಿದವರಲ್ಲಿ ಒಬ್ಬರೂ ಆ ಭಾಷೆಯ ಗಂಟೆಗಳು ಎಲ್ಲಿ ಹೋದವು ಎಂದು ಕೇಳಲಿಲ್ಲ.

ಕಡೆಗೆ ಪ್ರವೇಶದ ವೇಳಾಪಟ್ಟಿಯ ಮಾತು. ಕೌನ್ಸೆಲಿಂಗ್ ಒಂದು ಸುತ್ತಿಗೆ ಮುಗಿಯುವುದಿಲ್ಲ. ಎರಡನೆಯದು, ಮೂರನೆಯದು, ಆಮೇಲೆ ಉಳಿದ ಸೀಟುಗಳ ಸುತ್ತು. ತರಗತಿ ಮಾತ್ರ ಕೊನೆಯ ಸುತ್ತಿಗೆ ಕಾಯದೆ ಶುರುವಾಗಿರುತ್ತದೆ. ಕೊನೆಯ ಸುತ್ತಿನಲ್ಲಿ ಬರುವವರು ಸಾಮಾನ್ಯವಾಗಿ ಗಡಿಯಲ್ಲಿ ಪಾಸಾದವರು, ತಿಂಗಳುಗಟ್ಟಲೆ ಬರುತ್ತದೋ ಇಲ್ಲವೋ ಎಂಬ ಆತಂಕದಲ್ಲಿ ಕಳೆದವರು, ಸಾಲದ ಫೈಲು ಹಿಡಿದು ಬ್ಯಾಂಕಿಗೆ ಅಲೆದವರು. ಫೌಂಡೇಶನ್ ಕೋರ್ಸ್ ಅತ್ಯಂತ ಅಗತ್ಯವಿರುವುದು ಅವರಿಗೆ. ಅವರು ಬರುವಷ್ಟರಲ್ಲಿ ಅದು ಮುಗಿದಿರುತ್ತದೆ, ಮೇಜಿನ ಮೇಲೆ ಕಂಕುಳಿನ ಛೇದನ ಅರ್ಧ ಆಗಿರುತ್ತದೆ, ಬ್ಯಾಚ್‌ಮೇಟುಗಳ ಗುಂಪುಗಳು ಕಟ್ಟಿಕೊಂಡಿರುತ್ತವೆ. ಕಚೇರಿಯಲ್ಲಿ ಅವರ ಕೈಗೆ ಸಿಗುವುದು ಲಾಗ್‌ಬುಕ್ಕು. ಅದರಲ್ಲಿ ತಾವು ಕೂರದ ತಾಸುಗಳ ಎದುರು ಸಹಿ ಹಾಕಿಸಿಕೊಂಡು ಬರುವುದು ಅವರ ಮೊದಲ ವೈದ್ಯಕೀಯ ಕೆಲಸ. ಕೋರ್ಸನ್ನು ಒಂದೇ ಉಸಿರಿಗೆ ಮುಗಿಸದೆ ವಾರಕ್ಕೊಂದು ಮಧ್ಯಾಹ್ನದಂತೆ ವರ್ಷದುದ್ದಕ್ಕೆ ಹರಡಿದರೆ ಈ ಮಕ್ಕಳೂ ಒಳಗೆ ಬರುತ್ತಾರೆ. ಅದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ. ಬುಧವಾರ ಮಧ್ಯಾಹ್ನದ ಪ್ರಾಕ್ಟಿಕಲ್ ಬಿಟ್ಟುಕೊಡಲು ಯಾವ ವಿಭಾಗ ಒಪ್ಪುತ್ತದೆ ಎಂಬುದಷ್ಟೇ ತೊಡಕು.