ಮನೆಯವರಿಗಾಗಿ ಬರೆದ ಮನೋವೈದ್ಯ: ಡಾ. ಸಿ. ಆರ್. ಚಂದ್ರಶೇಖರ್ ಅವರ ಬರವಣಿಗೆಯ ವಿವೇಚನೆ

ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ವೈದ್ಯ ಸಾಹಿತ್ಯಕ್ಕೆ ದೊರೆತಿರುವುದು ಬಹುಮಟ್ಟಿಗೆ ಪಟ್ಟಿಯ ಸ್ಥಾನ. ಲೇಖಕರ ಹೆಸರು, ಕೃತಿಗಳ ಸಂಖ್ಯೆ, ಪ್ರಶಸ್ತಿಗಳ ವಿವರ ಅಲ್ಲಿ ಬರುತ್ತವೆ. ಆ ಬರವಣಿಗೆ ಓದುಗರೊಡನೆ ಎಂತಹ ಸಂಬಂಧವನ್ನು ಹೂಡಿತು ಎಂಬ ವಿಮರ್ಶೆಯ ಪ್ರಶ್ನೆ ಮಾತ್ರ ಅಪರೂಪ. 'ಕೊರವಂಜಿ'ಯ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೂ ಈ ಸ್ಥಿತಿ ಹೆಚ್ಚೇನೂ ಬದಲಾಗಲಿಲ್ಲ. ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿ, 200ಕ್ಕೂ ಹೆಚ್ಚು ಕನ್ನಡ ಪುಸ್ತಕಗಳ ಕರ್ತೃವಾಗಿ ಹೆಸರಾದ, 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ. ಆರ್. ಚಂದ್ರಶೇಖರ್ ಅವರ ಬರವಣಿಗೆಯನ್ನು ಆ ಪ್ರಶ್ನೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಬರವಣಿಗೆಯ ಮೂಲ ಅವರ ವೃತ್ತಿಯ ಒಂದು ಇಕ್ಕಟ್ಟಿನಲ್ಲಿದೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ಇಡೀ ನಾಡಿನ ರೋಗಿಗಳಿಗೆ ಒಂದು ಆಸ್ಪತ್ರೆ ಸಾಲದು ಎಂಬ ಅರಿವಿನಿಂದ ಅಲ್ಲಿ ಸಮುದಾಯ ಮನೋವೈದ್ಯಕೀಯ ವಿಭಾಗ ಬೆಳೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಕಾರ್ಯಕರ್ತರೂ ಮನೋರೋಗವನ್ನು ಗುರುತಿಸಿ ಉಪಚರಿಸಬಲ್ಲರೆಂದು ನಂಬಿ ಅವರಿಗೆ ತರಬೇತಿ ಕೊಟ್ಟ, ಅವರಿಗಾಗಿ ಕೈಪಿಡಿಗಳನ್ನು ಬರೆದ ವೈದ್ಯರಲ್ಲಿ ಚಂದ್ರಶೇಖರ್ ಒಬ್ಬರು. ಕೈಪಿಡಿಯ ಓದುಗ ಆರೋಗ್ಯ ಕಾರ್ಯಕರ್ತ. ಕನ್ನಡ ಪುಸ್ತಕದ ಓದುಗ ರೋಗಿಯ ತಾಯಿ, ಗಂಡ ಅಥವಾ ಅಣ್ಣ. ತಜ್ಞನ ತಿಳಿವಳಿಕೆಯನ್ನು ತಜ್ಞನಿಲ್ಲದ ಕಡೆಗೆ ಒಯ್ಯುವುದೇ ಎರಡರ ಉದ್ದೇಶ. ಬೆಂಗಳೂರಿನಲ್ಲಿ ಅವರು ಸ್ಥಾಪಿಸಿದ 'ಸಮಾಧಾನ' ಆಪ್ತಸಲಹಾ ಕೇಂದ್ರವೂ ಈ ಕೆಲಸದ ಮುಂದುವರಿಕೆಯೇ.

ಆದುದರಿಂದ ಅವರ ಗದ್ಯವನ್ನು ಸೃಜನಶೀಲ ಗದ್ಯದ ಮಾನದಂಡದಿಂದ ಅಳೆಯುವುದು ಸರಿಯಲ್ಲ. ಚಿಕ್ಕ ವಾಕ್ಯ, ಕಾರಣ-ಲಕ್ಷಣ-ಚಿಕಿತ್ಸೆ ಎಂಬ ನಿಶ್ಚಿತ ಕ್ರಮ, ಹೇಳಿದ್ದನ್ನೇ ಮತ್ತೆ ಹೇಳುವ ರೀತಿ ಇವು ವಿಮರ್ಶಕನಿಗೆ ಏಕತಾನವೆನಿಸಬಹುದು. ಆದರೆ ಮನೆಯಲ್ಲಿ ನಿದ್ದೆಗೆಟ್ಟು ಕೂತವರು ಇಂತಹ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. ತಮಗೆ ಬೇಕಾದ ಪುಟವನ್ನು ತೆರೆಯುತ್ತಾರೆ. ಔಷಧವನ್ನು ನಡುವೆ ನಿಲ್ಲಿಸಬಾರದೆಂಬ ಮಾತು ಆ ಪುಟದಲ್ಲಿಯೂ ಇರಬೇಕು. ಪುನರುಕ್ತಿ ಇಲ್ಲಿ ದೋಷವಾಗದೆ ಉಪಯೋಗಕ್ಕೆ ಒದಗುವ ಗುಣವಾಗುತ್ತದೆ.

ಪರಿಭಾಷೆಯ ಪ್ರಶ್ನೆಯೂ ಇದಕ್ಕೆ ಸಂಬಂಧಿಸಿದ್ದೇ. ಆಡುಮಾತಿನಲ್ಲಿ 'ಹುಚ್ಚು' ಎಂಬ ಒಂದೇ ಪದ ಹತ್ತಾರು ಕಾಯಿಲೆಗಳನ್ನು ನುಂಗಿಹಾಕಿತ್ತು, ಆಸ್ಪತ್ರೆಯೂ 'ಹುಚ್ಚಾಸ್ಪತ್ರೆ'ಯಾಗಿತ್ತು. ಖಿನ್ನತೆ, ಆತಂಕ, ಗೀಳು, ಉನ್ಮಾದ ಎಂದು ಬಿಡಿಸಿ ಹೆಸರಿಟ್ಟಾಗ ಪ್ರತಿಯೊಂದಕ್ಕೂ ಬೇರೆ ಬೇರೆ ಗತಿ, ಬೇರೆ ಬೇರೆ ಉಪಾಯ ಉಂಟೆಂಬ ಭರವಸೆ ಹುಟ್ಟುತ್ತದೆ. ಈ ಪದಗಳು ಒಬ್ಬರ ಸೃಷ್ಟಿಯಲ್ಲ. ಆದರೆ ಅವು ಮನೆಮಾತಾಗುವಲ್ಲಿ ಇಂತಹ ಜನಪ್ರಿಯ ಪುಸ್ತಕಗಳ ಮತ್ತು ಅಂಕಣಗಳ ಪಾಲು ದೊಡ್ಡದು. ಮೈಮೇಲೆ ದೇವರು ಅಥವಾ ದೆವ್ವ ಬರುವ ಸಂಗತಿಯನ್ನು 1980ರ ದಶಕದಲ್ಲಿ ಸಂಶೋಧನೆಯ ವಿಷಯವಾಗಿಸಿದವರಲ್ಲಿಯೂ ಚಂದ್ರಶೇಖರ್ ಇದ್ದರೆಂಬುದು ಗಮನಾರ್ಹ. ಕುಟುಂಬದ ನಂಬಿಕೆಯನ್ನು ಅಪಹಾಸ್ಯಕ್ಕೆ ಗುರಿಮಾಡದೆ ಅದರ ಹಿಂದಿನ ಸಂಕಟವನ್ನು ಅರಿಯಬೇಕೆಂಬುದು ಅಂತಹ ಅಧ್ಯಯನದ ಫಲ.

ಇಷ್ಟಾದರೂ ಈ ಸಾಹಿತ್ಯ ಪ್ರಕಾರಕ್ಕೆ ಒಂದು ಮಿತಿಯಿದೆ. ಅದು ಸ್ಪಷ್ಟವಾಗುವುದು ತ್ರಿವೇಣಿಯವರ 'ಶರಪಂಜರ'ದ ಪಕ್ಕದಲ್ಲಿ ಇಟ್ಟು ನೋಡಿದಾಗ. 1971ರಲ್ಲಿ ಪುಟ್ಟಣ್ಣ ಕಣಗಾಲರ ಚಲನಚಿತ್ರವಾಗಿ ಮನೆಮನೆಗೆ ತಲುಪಿದ ಆ ಕಥೆಯಲ್ಲಿ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗುತ್ತಾಳೆ. ಕೆಡುವುದು ಮನೆಗೆ ಮರಳಿದ ಮೇಲೆ. ಅವಳ ನಗು, ಸಿಟ್ಟು, ಮೌನ ಎಲ್ಲವೂ ಹಳೆಯ ಕಾಯಿಲೆಯ ಕುರುಹಾಗಿ ಕಾಣುತ್ತವೆ. 1987ರಲ್ಲಿ ಪ್ರಕಟವಾದ ಚಂಡೀಗಢದ ಅಧ್ಯಯನ, ಲಂಡನ್ನಿನ ಕುಟುಂಬಗಳಿಗೆ ಹೋಲಿಸಿದರೆ ಇಲ್ಲಿಯ ಕುಟುಂಬಗಳಲ್ಲಿ ರೋಗಿಯ ಬಗೆಗಿನ ಟೀಕೆ ಕಡಿಮೆಯೆಂದು ತೋರಿಸಿತು. ನಮ್ಮ ಕುಟುಂಬವೇ ನಮ್ಮ ಆಸ್ಪತ್ರೆ ಎಂಬ ನಂಬಿಕೆಗೆ ಇಂತಹ ಫಲಿತಾಂಶಗಳು ಬಲ ಕೊಡುತ್ತವೆ. ಕಾದಂಬರಿಯ ಸಾಕ್ಷ್ಯ ಬೇರೆ. ಸರಾಸರಿಯಲ್ಲಿ ಸಹನೆಯುಳ್ಳ ಕುಟುಂಬ, ಸೊಸೆಯೊಬ್ಬಳ ಪಾಲಿಗೆ ಪಂಜರವೂ ಆಗಬಲ್ಲದು.

ಸಲಹಾ ಸಾಹಿತ್ಯ ಕುಟುಂಬವನ್ನು ಸಂಬೋಧಿಸುತ್ತದೆ. ರೋಗಿ ಅಲ್ಲಿ ಬಹುಮಟ್ಟಿಗೆ ಮೂರನೆಯ ವ್ಯಕ್ತಿ. ಹೇಗೆ ನೋಡಿಕೊಳ್ಳಬೇಕೆಂದು ಇತರರಿಗೆ ಹೇಳಲಾಗುವ 'ಅವರು'. ಹಾಗೆಯೇ ನೋಡಿಕೊಳ್ಳುವ ಹೊರೆ ಯಾರ ಹೆಗಲ ಮೇಲೆ ಬೀಳುತ್ತದೆ, ವಯಸ್ಸಾದ ತಾಯಿಯ ನಂತರ ಯಾರು ಎಂಬ ಪ್ರಶ್ನೆಗೆ ತಾಳ್ಮೆಯ ಉಪದೇಶ ಪೂರ್ಣ ಉತ್ತರವಾಗಲಾರದು. 2017ರ ಮಾನಸಿಕ ಆರೋಗ್ಯ ಕಾಯಿದೆ ತನ್ನ ಚಿಕಿತ್ಸೆ ಹೇಗಿರಬೇಕೆಂದು ಮುಂಚಿತವಾಗಿ ಬರೆದಿಡುವ, ತನ್ನ ಪ್ರತಿನಿಧಿಯನ್ನು ತಾನೇ ಆರಿಸುವ ಹಕ್ಕನ್ನು ವ್ಯಕ್ತಿಗೆ ನೀಡಿತು. ಕಾನೂನು ಮೊದಲನೆಯ ವ್ಯಕ್ತಿಯನ್ನು ಒಪ್ಪಿಕೊಂಡಿದೆ. ನಮ್ಮ ಮನೋವೈದ್ಯ ಸಾಹಿತ್ಯದಲ್ಲಿ ಆ 'ನಾನು' ಇನ್ನೂ ಬಲವಾಗಿ ಕೇಳಬೇಕಾಗಿದೆ.

ಈ ಮಿತಿಯಿಂದ ಚಂದ್ರಶೇಖರ್ ಅವರ ಸಾಧನೆ ಕಿರಿದಾಗುವುದಿಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಂತೆ, ಮನೋರೋಗದ ಬಗೆಯನ್ನನುಸರಿಸಿ ಶೇಕಡಾ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ತಲುಪಿರಲಿಲ್ಲ. ಅಂತಹ ನಾಡಿನಲ್ಲಿ ಎಷ್ಟೋ ಮನೆಗಳಿಗೆ ವೈದ್ಯನಿಗಿಂತ ಮೊದಲು ಬಂದದ್ದು ಕನ್ನಡದ ಒಂದು ತೆಳು ಪುಸ್ತಕ. ನಾಚಿಕೆಯಿಂದ ಬಚ್ಚಿಟ್ಟ ಕಾಯಿಲೆಯನ್ನು ಮಾತಿಗೆ ತಂದದ್ದು ಅದರ ಕೊಡುಗೆ. ಮನೆಯವರಿಗೆ ಸಿಕ್ಕ ಆ ಮಾತನ್ನು ಕಾಯಿಲೆಯನ್ನು ಅನುಭವಿಸಿದವರಿಗೂ ದೊರಕಿಸುವುದು ಮುಂದಿನ ಲೇಖಕರ ಹೊಣೆ.