ಗರಗಸ ಹಗುರ, ಪೆಟ್ರೋಲೇ ಭಾರ

ಮುಂಗಾರು ಶುರುವಾಗುವ ಹೊತ್ತಿನ ಬಿರುಗಾಳಿಗೆ ಆಳಂದ, ಅಫಜಲಪುರ ಕಡೆಯ ಹೊಲದ ದಾರಿಗಳಲ್ಲಿ ಅಡ್ಡ ಬೀಳುವುದು ಬೇವು, ಇಲ್ಲವೇ ಕರಿಜಾಲಿ. ಬೇವಿನ ಟೊಂಗೆಯಾದರೆ ಕೊಡಲಿಯಿಂದಲೇ ಸರಿಸಬಹುದು. ಒಣಗಿದ ಕರಿಜಾಲಿಯ ಬೊಡ್ಡೆ ಮಾತ್ರ ಕೊಡಲಿಯನ್ನೇ ವಾಪಸ್ ಕಳಿಸುತ್ತದೆ. ಬಂಡಿಯ ಗಾಲಿಗೂ ಕುಂಟೆಗೂ ನಮ್ಮ ಬಡಿಗೇರರು ಅದನ್ನೇ ಹುಡುಕಿಕೊಂಡು ಹೋಗುತ್ತಿದ್ದುದು ಅದಕ್ಕೇ. ಹೀಗಾಗಿ ಕೋರಳ್ಳಿಯ ಅಮರ್ಜಾ ಜಲಾಶಯದ ದಂಡೆಗೋ ಸೊನ್ನ ಬ್ಯಾರೇಜಿನ ಹಿನ್ನೀರಿಗೋ ಫೋರ್ ಬೈ ಫೋರ್ ಗಾಡಿ ತೆಗೆದುಕೊಂಡು ಡೇರೆ ಹಾಕಲು ಹೊರಡುವವರು ಈಚೆಗೆ ಡಿಕ್ಕಿಯಲ್ಲಿ ಒಂದು ಚೈನ್ ಸಾ ಇಟ್ಟುಕೊಳ್ಳತೊಡಗಿದ್ದಾರೆ. ಇಟ್ಟುಕೊಳ್ಳಲಿ. ಆದರೆ ಅವರು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: ಯಾವ ಕಂಪನಿಯದು ಒಳ್ಳೆಯದು, ಬಾರ್ ಎಷ್ಟು ಇಂಚಿನದು ಬೇಕು? ಪೆಟ್ರೋಲ್ ಎಲ್ಲಿಡಬೇಕು ಎಂದು ಕೇಳುವವರು ವಿರಳ. ಗಾಡಿಯಲ್ಲಿ ಗರಗಸ ಒಯ್ಯುವ ಕಷ್ಟವೆಲ್ಲ ಇರುವುದು ಅಲ್ಲಿ.

ಮೊದಲು ಒಲೆಯ ಮಾತು ಮುಗಿಸಿಬಿಡೋಣ. ಕ್ಯಾಂಪಿನ ಬೆಂಕಿಗೆ ಕಟ್ಟಿಗೆ ಕೊಯ್ಯಲು ಗರಗಸ ಬೇಕು ಅನ್ನುವುದು ಮಲೆನಾಡಿನವರ, ಇಲ್ಲವೇ ವಿದೇಶಿ ವಿಡಿಯೊ ನೋಡಿದವರ ಲೆಕ್ಕ. ಇದು ತೊಗರಿ ಸೀಮೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತು. ತೊಗರಿ ಕಟ್ಟಿಗೆಗೆ ಯಾರೂ ಮಾನ್ಯತೆ ಕೊಡಲಿಲ್ಲ, ಒಲೆ ಹೊತ್ತಿಸುವ ಹೆಣ್ಣುಮಕ್ಕಳನ್ನು ಬಿಟ್ಟು. ರಾಶಿ ಮುಗಿದ ಮೇಲೆ ಹೊಲದ ಬದುವಿನಲ್ಲಿ ಒಟ್ಟಿದ ಬಣವೆಯ ಮುಂದೆ ಗಾಡಿ ನಿಲ್ಲಿಸಿ ಕೇಳಿದರೆ, “ತಗೊಂಡ್ ಹೋಗ್ರಲ್ಲ ಸಾಹೇಬ್ರ, ಎರಡ್ ಹೊರಿ ಕಟ್ಕೋರಿ” ಅನ್ನುತ್ತಾರೆ. ಬೇಗ ಹತ್ತಿಕೊಳ್ಳುತ್ತದೆ, ಹೊಗೆ ಕಡಿಮೆ, ರೊಟ್ಟಿ ಸುಡುವಷ್ಟು ಉರಿ. ಮಳೆಗೆ ಎರೆಮಣ್ಣಿನಲ್ಲಿ ಗಾಲಿ ಹೂತಾಗ ಟೈರಿನ ಕೆಳಗೆ ತುರುಕುವುದಕ್ಕೂ ಅದೇ ಹೊರೆ. ಹಸಿಯಾದ ಎರೆ ಟೈರಿನ ಗೀರುಗಳನ್ನೆಲ್ಲ ತುಂಬಿ ನುಣ್ಣಗೆ ಮಾಡಿಬಿಡುತ್ತದೆ. ನಾಲ್ಕೂ ಗಾಲಿ ತಿರುಗಿದರೂ ಗಾಡಿ ಅಲ್ಲೇ. ಆಗ ಗರಗಸದಿಂದ ಏನೂ ಆಗುವುದಿಲ್ಲ, ತೊಗರಿ ಕಟ್ಟಿಗೆಯಿಂದ ಆಗುತ್ತದೆ.

ಅಂದರೆ ನಮ್ಮ ಕಡೆ ಗರಗಸದ ಕೆಲಸ ಒಂದೇ, ದಾರಿಗೆ ಬಿದ್ದ ಮರ. ಒಂದು ಪ್ರವಾಸಕ್ಕೆ ಒಂದು ಮರ ಸಿಕ್ಕರೆ ಹೆಚ್ಚು. ಈ ಅಂದಾಜು ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ತೂಕದ ಚಿಂತೆ ಎಂದೋ ಮುಗಿದಿದೆ. 1926ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ಮಾಡಿದ ಮೊದಲ ವಿದ್ಯುತ್ ಗರಗಸ 64 ಕಿಲೋ. ಎತ್ತಲು ಇಬ್ಬರು ಬೇಕಿತ್ತು. ಮೂರು ವರ್ಷದ ಮೇಲೆ ಬಂದ ಪೆಟ್ರೋಲಿನದು 46 ಕಿಲೋ. ಇವತ್ತು 40 ಸಿಸಿಯ ಮಷಿನ್ನು ಬಾರ್ ಬಿಟ್ಟು ನಾಲ್ಕು-ನಾಲ್ಕೂವರೆ ಕಿಲೋ ತೂಗುತ್ತದೆ. ಅದರ ಟ್ಯಾಂಕಿಗೆ ಹಿಡಿಯುವುದು ಅರ್ಧ ಲೀಟರಿಗೂ ಕಡಿಮೆ. ಅಡ್ಡಬಿದ್ದ ಒಂದು ಜಾಲಿಗೆ ಒಂದು ಟ್ಯಾಂಕು ಧಾರಾಳ ಸಾಕು. ಹಾಗಿದ್ದರೆ ಐದು ಲೀಟರಿನ ಕ್ಯಾನು ಯಾಕೆ? ಒಂದು ಲೀಟರು ಒಯ್ಯಿರಿ, ಮುಕ್ಕಾಲು ಕಿಲೋ ಭಾರ. ಗಾಡಿ ಪೆಟ್ರೋಲಿನದಾದರೂ ಅದರ ಟ್ಯಾಂಕಿನಿಂದ ಪೈಪು ಹಾಕಿ ಬಾಯಲ್ಲಿ ಎಳೆಯುವ ಹಳೆಯ ವಿದ್ಯೆ ಬೇಡ. ಹೊಸ ಗಾಡಿಗಳಲ್ಲಿ ಪೈಪು ಒಳಗೆ ಹೋಗುವುದೇ ಕಷ್ಟ.

ಆ ಒಂದು ಲೀಟರು ಯಾವುದರಲ್ಲಿ ಬರುತ್ತದೆ ಅನ್ನುವುದು ನನಗೆ ಮುಖ್ಯ. ಹಳ್ಳಿಯ ಅಂಗಡಿಗಳಲ್ಲಿ ನೀರಿನ ಬಾಟಲಿಯಲ್ಲಿ ತೂಗುಹಾಕಿದ ಪೆಟ್ರೋಲು ನೋಡಿ ನೋಡಿ ನಮಗೆ ಭಯವೇ ಹೋಗಿದೆ. 1934ರ ಪೆಟ್ರೋಲಿಯಂ ಕಾಯ್ದೆ, ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರಿನವರೆಗೆ ಪೆಟ್ರೋಲು ಇಟ್ಟುಕೊಳ್ಳಲು ಲೈಸೆನ್ಸ್ ಕೇಳುವುದಿಲ್ಲ. ಆದರೆ ಪಾತ್ರೆ ಹೇಗಿರಬೇಕು ಅಂತ ಹೇಳುತ್ತದೆ: ಬಿಗಿಯಾದ ಮುಚ್ಚಳದ ಗಾಜು, ಪಿಂಗಾಣಿ ಇಲ್ಲವೇ ಲೋಹ, ಗಾಜಿನದು ಒಂದು ಲೀಟರು ಮೀರಬಾರದು, ಲೋಹದ್ದು 25 ಲೀಟರು. ಗಾಡಿಯಲ್ಲಿ ಗಾಜು ಇಡುವವರು ಯಾರೂ ಇಲ್ಲ ಅಂದುಕೊಳ್ಳುತ್ತೇನೆ. ಉಳಿದದ್ದು ಲೋಹದ ಡಬ್ಬಿ, ವಾಷರ್ ಇರುವ ತಿರುಗಿಸುವ ಮುಚ್ಚಳದ್ದು.

ಡಬ್ಬಿಯನ್ನು ಕಂಠಪೂರ್ತಿ ತುಂಬಬಾರದು. ಪೆಟ್ರೋಲು ಕಾದಂತೆ ಹಿಗ್ಗುತ್ತದೆ. ಬೆಳಗಿನ 20 ಡಿಗ್ರಿಯಲ್ಲಿ ತುಂಬಿದ್ದು ಮಧ್ಯಾಹ್ನ ಡಿಕ್ಕಿಯಲ್ಲಿ 50ಕ್ಕೆ ಹೋದರೆ ಲೀಟರಿಗೆ ಹೆಚ್ಚುಕಡಿಮೆ 30 ಮಿಲಿಲೀಟರು ಜಾಗ ಬೇಕು. ಅದಕ್ಕಿಂತ ದೊಡ್ಡ ತಂಟೆ ಆವಿಯದು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ, ಮೇಲೇರಿ ಕಿಟಕಿಯಿಂದ ಹೋಗಿಬಿಡುವುದಿಲ್ಲ, ಗಾಡಿಯ ನೆಲದಲ್ಲಿ ಹಾಸಿಕೊಂಡು ಕೂರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನೆರಳಲ್ಲೇ 42 ಡಿಗ್ರಿ ದಾಟುವ ಜಿಲ್ಲೆಯಲ್ಲಿ, ಕಿಟಕಿ ಏರಿಸಿದ ಗಾಡಿಯೊಳಗೆ, ಮಕ್ಕಳು ಮಲಗಿರುವ ಸೀಟಿನ ಬೆನ್ನಿಗೆ ಆ ಡಬ್ಬಿ ಇಡುವುದನ್ನು ನಾನು ಒಪ್ಪುವುದಿಲ್ಲ. ಪಿಕಪ್ ಇದ್ದವರು ಹಿಂದಿನ ತೊಟ್ಟಿಯಲ್ಲಿ, ಕ್ಯಾಬಿನ್ನಿನ ಬೆನ್ನಿಗೆ ಒರಗಿಸಿ, ಬಿಸಿಲು ಬೀಳದಂತೆ ಕಟ್ಟಲಿ. ಜಿಮ್ನಿಯಂಥ ಗಾಡಿಯಲ್ಲಿ, ಹಿಂದಿನ ಸೀಟು ಎತ್ತಿದ್ದಾಗ ಡಿಕ್ಕಿ ಇರುವುದೇ 208 ಲೀಟರಿನಷ್ಟು; ಅಲ್ಲಿ ಜಾಗ ಇಲ್ಲವೆಂದು ಕೆಲವರು ಸ್ಟೆಪ್ನಿಗೆ ಬ್ರ್ಯಾಕೆಟ್ ಹಾಕಿಸಿ ಕ್ಯಾನು ನೇತುಹಾಕುತ್ತಾರೆ. ನೋಡಲು ಚಂದ. ಕಬ್ಬಿನ ಹಂಗಾಮಿನಲ್ಲಿ ಕತ್ತಲಾದ ಮೇಲೆ ಜೇವರ್ಗಿ ರಸ್ತೆಯಲ್ಲಿ ಗಾಡಿ ಓಡಿಸಿದವರಿಗೆ, ಹಿಂದೆ ಬರುವವರು ಎಷ್ಟು ಹತ್ತಿರ ಬರುತ್ತಾರೆ ಗೊತ್ತು. ಗುದ್ದು ಬೀಳುವ ಜಾಗದಲ್ಲೇ ಪೆಟ್ರೋಲು ಕಟ್ಟುವುದು ಯಾವ ಜಾಣತನ? ಛಾವಣಿಯ ಕ್ಯಾರಿಯರ್ ವಾಸಿ, ಡಬ್ಬಿ ಚಿಕ್ಕದಿದ್ದು ಮೇಲೆ ನೆರಳಿಗೆ ತಾಡಪತ್ರಿ ಇದ್ದರೆ.

ಬಂಕಿನಲ್ಲಿ ತುಂಬಿಸುವಾಗ ಡಬ್ಬಿಯನ್ನು ಗಾಡಿಯಿಂದ ಇಳಿಸಿ ನೆಲದ ಮೇಲಿಡಬೇಕು. ಪ್ಲಾಸ್ಟಿಕ್ ಹಾಸಿದ ತೊಟ್ಟಿಯ ಮೇಲೆ ಇಟ್ಟು ತುಂಬಿದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರುವ ಅಪಾಯವಿದೆ. ಎರಡು ಸೆಕೆಂಡಿನ ಕೆಲಸಕ್ಕೆ ಹುಡುಗರು “ಏನಾಗಲ್ರಿ ಅಣ್ಣಾ” ಅನ್ನುತ್ತಾರೆ, ಅಂದುಕೊಳ್ಳಲಿ.

ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನೊಳಗೇ ಆಯಿಲ್ ಬೆರೆಸಬೇಕಲ್ಲ, ಆ ಲೆಕ್ಕವನ್ನು ಮನೆಯಲ್ಲೇ ಮುಗಿಸುವುದು ಒಳ್ಳೆಯದು. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿಲೀಟರು. ಕಡಿಮೆ ಬೆಲೆಯ ಹಲವು ಮಷಿನ್ನುಗಳ ಕೈಪಿಡಿ 25ಕ್ಕೆ 1 ಕೇಳುತ್ತದೆ, ಅಂದರೆ 40. ಔಷಧದ ಅಂಗಡಿಯ ದೊಡ್ಡ ಸಿರಿಂಜಿನಲ್ಲಿ ಅಳೆದು ಸಣ್ಣ ಶೀಷೆಯಲ್ಲಿ ಹಾಕಿಟ್ಟುಕೊಂಡರೆ, ಪೆಟ್ರೋಲನ್ನು ಕೊನೆಯ ಬಂಕಿನಲ್ಲಿ ಹಾಕಿಸಿ ಅಲ್ಲೇ ಬೆರೆಸಬಹುದು. ಹೀಗೆ ಮಾಡುವುದಕ್ಕೆ ಇನ್ನೊಂದು ಕಾರಣವಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪ್ರತಿಶತ ಎಥನಾಲ್. ಭೂಸನೂರು, ಹವಳಗಾ ಕಾರ್ಖಾನೆಗಳಿಗೆ ಕಬ್ಬು ಕಳಿಸುವ ನಮ್ಮವರಿಗೆ ಅದು ಒಳ್ಳೆಯ ಸುದ್ದಿ, ಗರಗಸದ ಕಾರ್ಬ್ಯುರೇಟರಿಗೆ ಅಷ್ಟು ಒಳ್ಳೆಯದಲ್ಲ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಅದರೊಂದಿಗೆ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಗರಗಸದ ಹೀರುಪೈಪು ಇರುವುದು ಟ್ಯಾಂಕಿನ ತಳದಲ್ಲೇ. ಹಳೆಯ ಮಷಿನ್ನಿನ ರಬ್ಬರು ಡಯಾಫ್ರಾಮು ಬಿರುಸಾಗುತ್ತದೆ. ಹಲವು ಕೈಪಿಡಿಗಳು 10 ಪ್ರತಿಶತದ ಮೇಲೆ ಬೇಡ ಅನ್ನುತ್ತವೆ. ನಿಮ್ಮದು ಏನನ್ನುತ್ತದೆ ನೋಡಿಕೊಳ್ಳಿ. ಬೆರೆಸಿದ್ದು ಉಳಿದರೆ ಮುಂದಿನ ಪ್ರವಾಸಕ್ಕೆ ಎತ್ತಿಡಬೇಡಿ.

ಇನ್ನು ಚೈನಿಗೆ ಬೀಳುವ ಎಣ್ಣೆ. ಅದು ಬೇರೆ ಟ್ಯಾಂಕು, ಮತ್ತು ಸೋರುವುದೂ ಅದೇ. ಮಷಿನ್ನು ನಿಂತ ಮೇಲೂ ಬಾರಿನ ಬುಡದಲ್ಲಿ ತೊಟ್ಟು ತೊಟ್ಟಾಗಿ ಇಳಿಯುತ್ತಿರುತ್ತದೆ, ಕಂಪನಿ ಯಾವುದಾದರೂ ಸರಿ. ಗ್ಯಾರೇಜಿನಲ್ಲಿ ಪುಕ್ಕಟೆ ಸಿಗುವ ಸುಟ್ಟ ಆಯಿಲ್ ಹಾಕುವವರಿದ್ದಾರೆ. ಅದರಲ್ಲಿರುವ ಲೋಹದ ಚೂರ್ಣ ಪಂಪನ್ನು ತಿನ್ನುತ್ತದೆ, ಅದೇ ಆಯಿಲ್ ನಿಮ್ಮ ಜೋಳದ ಹಿಟ್ಟಿನ ಚೀಲಕ್ಕೂ ಬರುತ್ತದೆ. ಹೊರದೇಶಗಳಲ್ಲಿ ಸಾಸಿವೆ ಜಾತಿಯ ಎಣ್ಣೆ ಬಳಸುತ್ತಾರೆ ಎಂದು ಓದಿ ನಮ್ಮ ಕುಸುಬೆ ಎಣ್ಣೆ ಹಾಕಿ ನೋಡುವ ಆಸೆ ಯಾರಿಗಾದರೂ ಆಗಬಹುದು. ಬೇಡ. ಕುಸುಬೆ ಒಣಗುವ ಜಾತಿಯ ಎಣ್ಣೆ, ಗಾಳಿಗೆ ಅಂಟಾಗಿ ವಾರ್ನಿಷಿನಂತೆ ಹಿಡಿದುಕೊಳ್ಳುತ್ತದೆ. ತಿಂಗಳು ಬಿಟ್ಟು ತೆಗೆದರೆ ಚೈನು ಬಾರಿಗೆ ಕಚ್ಚಿಕೊಂಡಿರುತ್ತದೆ. ತೀರಾ ತುರ್ತಾದರೆ ಶೇಂಗಾ ಎಣ್ಣೆ ಹಾಕಿ, ಮನೆಗೆ ಬಂದ ದಿನವೇ ತೊಳೆಯಿರಿ.

ಗಾಡಿಯಲ್ಲಿ ಮಷಿನ್ನನ್ನು ಎರಡೂ ಟ್ಯಾಂಕುಗಳ ಮುಚ್ಚಳ ಮೇಲೆ ಬರುವಂತೆ ಮಲಗಿಸಬೇಕು. ಬಾರಿಗೆ ಕವಚ, ಚೈನ್ ಬ್ರೇಕು ಹಾಕಿದ್ದು, ಪೆಟ್ರೋಲ್ ಟ್ಯಾಂಕು ಖಾಲಿ. ಕಂಪನಿಯ ಪ್ಲಾಸ್ಟಿಕ್ ಪೆಟ್ಟಿಗೆ ಅಂದವಾಗಿದ್ದರೂ ಅರ್ಧ ಡಿಕ್ಕಿ ನುಂಗುತ್ತದೆ. ಅದರ ಬದಲು ತಗಡಿನ ಉದ್ದ ಟ್ರಂಕು, ತಳಕ್ಕೆ ಗೋಣಿತಟ್ಟು, ತಟ್ಟಿನ ಮೇಲೆ ಒಂದು ಹಿಡಿ ಮರದ ಹೊಟ್ಟು. ಹೊಟ್ಟು ಎಣ್ಣೆ ಕುಡಿಯುತ್ತದೆ, ತಟ್ಟು ಕುಲುಕಾಟ ತಡೆಯುತ್ತದೆ. ಅದೇ ಟ್ರಂಕಿನಲ್ಲಿ ಸ್ಪ್ಯಾನರು, ಅಕ್ಕಸಾಲಿಗರ ಅರದಂತಿರುವ ದುಂಡು ಫೈಲು (ಸಣ್ಣ ಚೈನಿಗೆ 4 ಮಿ.ಮೀ., .325 ಪಿಚ್ಚಿನದಕ್ಕೆ 4.8), ಬೆಣೆ. ಫೈಲನ್ನು ಮರೆಯಬಾರದು, ಅದರಲ್ಲೂ ಭೀಮಾ ದಂಡೆಗೆ ಹೋಗುವವರು. 2020ರ ಅಕ್ಟೋಬರ್ ಪ್ರವಾಹದಲ್ಲಿ ಮುಳುಗೆದ್ದಂಥ ಮರಗಳ ತೊಗಟೆಯಲ್ಲಿ ಮರಳೂ ಮೆಕ್ಕಲೂ ಕೂತಿರುತ್ತವೆ. ಹೊಸ ಚೈನು ಒಂದೇ ಕೊಯ್ತಕ್ಕೆ ಮೊಂಡಾಗುತ್ತದೆ. ಟ್ರಂಕಿಗೆ ಹಿಡಿಯದೆ ಉಳಿಯುವುದು ಹೆಲ್ಮೆಟ್ಟು ಮತ್ತು ಕಾಲಿನ ರಕ್ಷಾಕವಚ. ಅವು ಮಷಿನ್ನಿಗಿಂತ ಹೆಚ್ಚು ಜಾಗ ಬೇಡುತ್ತವೆ, ಆ ಕಾರಣಕ್ಕೇ ಮನೆಯಲ್ಲಿ ಉಳಿಯುತ್ತವೆ. ಅವಕ್ಕೆ ಜಾಗವಿಲ್ಲದ ಗಾಡಿಯಲ್ಲಿ ಗರಗಸಕ್ಕೂ ಜಾಗವಿಲ್ಲ ಎಂಬುದು ನನ್ನ ನಿಯಮ.

ಕೆಲವು ಕಡೆಗೆ ಒಯ್ಯಲೇಬಾರದು. ಚಿಂಚೋಳಿ ವನ್ಯಧಾಮ 2011ರಲ್ಲಿ ಘೋಷಣೆಯಾದದ್ದು, ಸುಮಾರು 135 ಚದರ ಕಿಲೋಮೀಟರು. ಅಲ್ಲಿ ಶ್ರೀಗಂಧವಿದೆ, ರಕ್ತಚಂದನವಿದೆ. ಚಂದ್ರಂಪಳ್ಳಿ ಜಲಾಶಯ ನೋಡಲು ಹೊರಟ ಗಾಡಿಯಲ್ಲಿ ಚೈನ್ ಸಾ ಕಂಡರೆ ಗಾರ್ಡು ಏನೆಂದುಕೊಳ್ಳಬೇಕು? 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅರಣ್ಯ ಅಪರಾಧಕ್ಕೆ ಬಳಸಿದ ಹತಾರಿನ ಜೊತೆ ವಾಹನವನ್ನೂ ಜಪ್ತಿ ಮಾಡುವ ಅಧಿಕಾರವಿದೆ. ಕಾಡಿನ ಹೊರಗೂ ನಿಂತ ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿ ಬಳ್ಳಾರಿ ಜಾಲಿ ಇದೆ, ಆದರೂ ಹೊಲದ ಯಜಮಾನರನ್ನು ಕೇಳಿಯೇ ಮುಟ್ಟುವುದು ರೀತಿ. ಗಾಣಗಾಪುರದ ಸಂಗಮದ ಹತ್ತಿರವಂತೂ ಔದುಂಬರದ ಕೆಳಗೆ ಜನ ಪಾರಾಯಣಕ್ಕೆ ಕೂತಿರುತ್ತಾರೆ. ಅಲ್ಲಿ ಬಿದ್ದ ಟೊಂಗೆಗೂ ಮಷಿನ್ನು ಚಾಲೂ ಮಾಡುವವನಿಗೆ ಏನು ಹೇಳುವುದು.

ಮನೆಗೆ ಬಂದ ಮೇಲೆ, ತಿಂಗಳುಗಟ್ಟಲೆ ಬಳಸುವುದಿಲ್ಲವೆಂದಾದರೆ, ಪೆಟ್ರೋಲು ಬಸಿದು, ಮಷಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರ್ ಒಣಗಿಸಿ. ಚೈನು, ಬಾರು ಬಿಚ್ಚಿ ಒರೆಸಿ ಎಣ್ಣೆ ಸವರಿಡಿ. ಮಾಳಿಗೆಯ ಮೇಲಿನ ತಗಡಿನ ಶೆಡ್ಡು ಬೇಸಿಗೆಯಲ್ಲಿ ಕುಲುಮೆ, ಅಲ್ಲಿ ಬೇಡ. ಗ್ಯಾಸ್ ಒಲೆಯ ಕೋಣೆಯೂ ಬೇಡ. ಕೆಳಗಿನ, ಗಾಳಿಯಾಡುವ ಕೋಣೆಯೇ ಸರಿ. ಆದರೆ ಶಹಾಬಾದ್ ಕಲ್ಲಿನ ನೆಲದ ಮೇಲೆ ನೇರವಾಗಿ ಇಡಬೇಡಿ. ಅದು ಸುಣ್ಣದ ಕಲ್ಲು, ಎಣ್ಣೆ ಒಳಗಿಳಿದರೆ ಆ ಕಪ್ಪು ಮಚ್ಚೆಯನ್ನು ಯಾವ ಸೋಡಾಪುಡಿಯೂ ತೆಗೆಯದು, ಮನೆಯವರ ಮಾತನ್ನು ವರ್ಷಗಟ್ಟಲೆ ಕೇಳಬೇಕಾಗುತ್ತದೆ.

ಇಷ್ಟೆಲ್ಲ ಓದಿ ತಲೆನೋವು ಬಂದವರಿಗೆ ಬ್ಯಾಟರಿ ಗರಗಸವಿದೆ, ಮತ್ತು ನಮ್ಮ ಸೀಮೆಯ ಒಂದು ಮರದ ಲೆಕ್ಕಕ್ಕೆ ಹೊಸಬರಿಗೆ ನಾನು ಹೇಳುವುದು ಅದನ್ನೇ. ಪೆಟ್ರೋಲಿನ ಸದ್ದಿನ ಮೋಹ ನನಗೂ ಇದೆ, ಆದರೆ ಮೋಹಕ್ಕೆ ಮಕ್ಕಳ ಸೀಟಿನ ಹಿಂದೆ ಡಬ್ಬಿ ಇಡಲಾಗುವುದಿಲ್ಲ. ಬ್ಯಾಟರಿಯದಕ್ಕೂ ಚೈನಿನ ಎಣ್ಣೆ ಬೇಕು, ಅದೂ ಸೋರುತ್ತದೆ. ಲಿಥಿಯಂ ಬ್ಯಾಟರಿಗೆ ಬಿಸಿಲು ಆಗದು. ಗಾಡಿ ಬಿಸಿಲಲ್ಲಿ ನಿಲ್ಲಿಸಿ ಊಟಕ್ಕೆ ಇಳಿದಾಗ ಬ್ಯಾಟರಿಯನ್ನು ಬಿಚ್ಚಿ ಚೀಲದಲ್ಲಿ ಜೊತೆಗೇ ಒಯ್ಯಬೇಕು, ಖಾನಾವಳಿಯ ಮೇಜಿನ ಕೆಳಗೆ ನೆರಳಲ್ಲಿ ಇಟ್ಟುಕೊಳ್ಳಬೇಕು.